ಕೈಗೆ ಹಿಡಿಸುವಷ್ಟು ಗಿರಾಕಿ

ಸಣ್ಣ ವ್ಯಾಪಾರದವರು ನಾಲ್ಕು ಜನ ಸೇರಿದರೆ ಈಗ ಒಂದು ಮಾತು ಬಂದೇ ಬರುತ್ತದೆ. "ರೀಚೇ ಇಲ್ಲ ಕಣ್ರೀ." ಪೋಸ್ಟ್ ಹಾಕಿದರೆ ಯಾರೂ ನೋಡುವುದಿಲ್ಲ, ರೀಲ್ಸ್ ಮಾಡಿದರೆ ಓಡುವುದಿಲ್ಲ, ಯಾವುದೂ ಮೊದಲಿನ ಹಾಗಿಲ್ಲ. ಹೇಳುವವರ ಮುಖದಲ್ಲಿ ವ್ಯಾಪಾರವೇ ಮುಳುಗಿಹೋದಷ್ಟು ಬೇಸರ. ಪರಿಚಯದ ಕೆಲವರ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಪೇಜುಗಳನ್ನು ನಾನು ನೋಡಿಕೊಳ್ಳುತ್ತೇನೆ. ಬ್ಯಾಗ್ ಹೊಲಿಯುವ ಗೆಳತಿಯೊಬ್ಬಳದ್ದು, ಹಳೇ ಕುರ್ಚಿ ಮೇಜು ರಿಪೇರಿ ಮಾಡುವ ಹಿರಿಯರೊಬ್ಬರದ್ದು, ಹೀಗೆ. ದುಡ್ಡಿಗಾಗಿ ಅಲ್ಲ, ಸ್ನೇಹಕ್ಕೆ. ಹಾಗಾಗಿ ಈ ರೀಚಿನ ಗೋಳು ಆಗಾಗ ಕಿವಿಗೆ ಬೀಳುತ್ತಲೇ ಇರುತ್ತದೆ. ಬಿದ್ದಾಗೆಲ್ಲ ನಾನು ಒಂದು ಪ್ರಶ್ನೆ ಕೇಳುತ್ತೇನೆ. "ಈ ತಿಂಗಳು ಇನ್ನೆಷ್ಟು ಕೆಲಸ ಬಂದರೆ ನಿಮ್ಮ ಕೈಲಿ ಆಗುತ್ತೆ?"

ತಕ್ಷಣ ಉತ್ತರ ಕೊಟ್ಟವರು ಕಡಿಮೆ. ಕಳೆದ ರೀಲಿಗೆ ಎಷ್ಟು ವ್ಯೂಸ್ ಬಂತು ಅಂದರೆ ಬಾಯಿಪಾಠ ಒಪ್ಪಿಸುತ್ತಾರೆ. ತಮ್ಮ ಕೈಗೆ ಎಷ್ಟು ಕೆಲಸ ಹಿಡಿಸುತ್ತದೆ ಅನ್ನುವುದನ್ನು ಮಾತ್ರ ಎಂದೂ ಲೆಕ್ಕ ಹಾಕಿರುವುದಿಲ್ಲ.

ಗೆಳತಿಯ ಲೆಕ್ಕವನ್ನೇ ನೋಡಿ. ಹೊಲಿಯುವವಳು ಅವಳು, ಜೊತೆಗೆ ಸಹಾಯಕ್ಕೆ ಒಬ್ಬರು. ಅಳತೆ ನೋಡಿ ಬಟ್ಟೆ ಕತ್ತರಿಸಬೇಕು, ಲೈನಿಂಗ್ ಕೊಡಬೇಕು, ಜಿಪ್ ಕೂರಿಸಬೇಕು, ಹಿಡಿಕೆ ಕಿತ್ತುಬರದ ಹಾಗೆ ಎರಡೆರಡು ಸಲ ಹೊಲಿಗೆ ಓಡಿಸಬೇಕು. ಎಷ್ಟೇ ಬಗ್ಗಿ ಕೂತರೂ ವಾರಕ್ಕೆ 12 ಬ್ಯಾಗ್ ಮೀರುವುದಿಲ್ಲ. ತಿಂಗಳಿಗೆ 50ರ ಹತ್ತಿರ ಆಯಿತು. ಅದರಲ್ಲಿ ಅರ್ಧಕ್ಕರ್ಧ ಹಳೇ ಗಿರಾಕಿಗಳು. ಅಂದರೆ ಅವಳಿಗೆ ತಿಂಗಳಿಗೆ ಬೇಕಾಗಿರುವುದು 25 ಹೊಸ ಜನ. ಅಷ್ಟೇ. ಈ 25 ಜನಕ್ಕೋಸ್ಕರ ಲಕ್ಷ ಜನರ ಕಣ್ಣಿಗೆ ಬೀಳಬೇಕು ಅಂತ ರಾತ್ರಿಯೆಲ್ಲ ಒದ್ದಾಡುವುದು ಯಾಕೆ?

ಇದನ್ನು ಹೇಳಿದಾಗ ಅವಳು ಮೊದಲು ನಕ್ಕಳು. "ಬೆಳೆಯೋದು ಬೇಡ್ವಾ ಹಾಗಾದ್ರೆ?" ಅಂದಳು. ಬೆಳೆಯಲಿ, ಯಾರು ಬೇಡ ಅಂದರು? ಇನ್ನೊಂದು ಮೆಷಿನ್ ತಂದು ಇನ್ನಿಬ್ಬರನ್ನು ಸೇರಿಸಿಕೊಂಡ ದಿನ 25 ಅನ್ನುವುದು 60 ಆಗಲಿ. ಆದರೆ ಬೆಳೆಯುವುದು ಆ ಕಡೆಯಿಂದ. ವ್ಯೂಸ್ ಕಡೆಯಿಂದ ಅಲ್ಲ.

ದೊಡ್ಡ ಅಂಕಿಯ ಈ ಹುಚ್ಚು ಅಂಟಿಕೊಂಡದ್ದು ಹೇಗೆ ಅಂತ ನೋಡಿದರೆ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ. ಫೇಸ್‌ಬುಕ್ 2004ರಲ್ಲಿ ಕಾಲೇಜು ಹುಡುಗರಿಗೆ ಅಂತ ಶುರುವಾಯಿತು. 2006ರಲ್ಲಿ ಎಲ್ಲರಿಗೂ ಬಾಗಿಲು ತೆರೆಯಿತು. 2007ರ ನವೆಂಬರಿನಲ್ಲಿ ವ್ಯಾಪಾರಗಳಿಗೆ ಅಂತಲೇ ಪೇಜುಗಳು ಬಂದವು, ಅದರ ಜೊತೆಗೇ ಹೊಸ ಜಾಹೀರಾತು ವ್ಯವಸ್ಥೆಯೂ ಬಂತು. ಪೇಜು ಮತ್ತು ಜಾಹೀರಾತು ಅವಳಿ ಮಕ್ಕಳು ಅನ್ನುವುದನ್ನು ನಾವು ಮರೆತೇಬಿಟ್ಟಿದ್ದೇವೆ. ಪೇಜು ನಮಗೆ ಪುಕ್ಕಟೆ ಸಿಕ್ಕಿತು, ಜಾಹೀರಾತು ಅವರ ಹೊಟ್ಟೆಪಾಡು. 2009ರಲ್ಲಿ ಲೈಕ್ ಬಟನ್ ಬಂತು. ಅಲ್ಲಿಂದ ನಮಗೆಲ್ಲ ಎಣಿಸುವ ಚಟ ಹತ್ತಿತು.

ಶುರುವಿನ ವರ್ಷಗಳಲ್ಲಿ ಪೇಜ್ ಲೈಕ್ ಮಾಡಿದವರಿಗೆ ಪೋಸ್ಟ್ ಹೆಚ್ಚುಕಡಿಮೆ ತಲುಪುತ್ತಿತ್ತು. ಬರಬರುತ್ತಾ ಪೇಜುಗಳು ಜಾಸ್ತಿ ಆದವು. ನೋಡುವವರ ಹತ್ತಿರ ಇರುವ ಸಮಯ ಮಾತ್ರ ಅಷ್ಟೇ. 2016ರಲ್ಲಿ ಇನ್‌ಸ್ಟಾಗ್ರಾಮ್ ಕೂಡ, ಹೊಸದು ಮೊದಲು ಅನ್ನುವ ಕ್ರಮ ಬಿಟ್ಟು, ಯಾರಿಗೆ ಏನು ಇಷ್ಟವಾಗಬಹುದು ಅಂತ ತಾನೇ ಊಹಿಸಿ ತೋರಿಸಲು ಹೊರಟಿತು. 2018ರ ಜನವರಿಯಲ್ಲಿ ಫೇಸ್‌ಬುಕ್ ಕಟ್ಟಿದ ಮಾರ್ಕ್ ಜುಕರ್‌ಬರ್ಗ್ ಬಾಯಿಬಿಟ್ಟೇ ಹೇಳಿದರು: ಇನ್ನು ಮೇಲೆ ಫೀಡಿನಲ್ಲಿ ಗೆಳೆಯರು, ಮನೆಯವರ ವಿಷಯ ಜಾಸ್ತಿ, ವ್ಯಾಪಾರ ಮತ್ತು ಮಾಧ್ಯಮಗಳದ್ದು ಕಡಿಮೆ. 2020ರಲ್ಲಿ ರೀಲ್ಸ್ ಬಂತು. ಈಗಂತೂ ನೀವು ಫಾಲೋ ಮಾಡದವರ ವಿಡಿಯೋಗಳೇ ಎದುರಿಗೆ ಬಂದು ಬೀಳುತ್ತವೆ. ಹತ್ತು ವರ್ಷ ಕಷ್ಟಪಟ್ಟು ಸೇರಿಸಿದ ಫಾಲೋಯರ್‌ಗಳಿಗೆ ನಿಮ್ಮ ಪೋಸ್ಟ್ ಕಾಣುವುದಿಲ್ಲ, ಎಲ್ಲೋ ಇರುವ ಯಾರಿಗೋ ಕಾಣುತ್ತದೆ. ಬೈದು ಪ್ರಯೋಜನವಿಲ್ಲ. ಅವರಿಗೆ ಬೇಕಾಗಿರುವುದು ಜನ ಫೋನ್ ಕೆಳಗಿಡದೆ ನೋಡುತ್ತಲೇ ಇರುವುದು. ನಿಮ್ಮ ಬ್ಯಾಗಿನ ಫೋಟೋ ಆ ಕೆಲಸಕ್ಕೆ ಬಂದರೆ ತೋರಿಸುತ್ತಾರೆ, ಬರದಿದ್ದರೆ ಬದಿಗಿಡುತ್ತಾರೆ.

ಹಾಗಾದರೆ ಪೇಜ್ ಬೇಡವೇ? ಬೇಕು. ಬೇರೆ ಕೆಲಸಕ್ಕೆ ಬೇಕು.

ಕುರ್ಚಿ ರಿಪೇರಿಯವರ ಹತ್ತಿರ ಒಂದು ಪುಸ್ತಕ ಇದೆ. ಯಾರ ಕುರ್ಚಿ, ಏನು ರಿಪೇರಿ, ಯಾವತ್ತು ಕೊಡಬೇಕು ಅಂತ ಬರೆದುಕೊಳ್ಳುವ ಸಾದಾ ರೂಲ್ಡ್ ಪುಸ್ತಕ. ಅದರಲ್ಲಿ ಒಂದು ಕಾಲಂ ಜಾಸ್ತಿ ಮಾಡಿಸಿದೆ. ಹೊಸದಾಗಿ ಬಂದವರನ್ನೆಲ್ಲ "ನಮ್ಮ ವಿಷಯ ಹೇಗೆ ಗೊತ್ತಾಯ್ತು?" ಅಂತ ಕೇಳಿ ಬರೆದುಕೊಳ್ಳುವುದು. ಕೆಲವು ತಿಂಗಳಾದ ಮೇಲೆ ಕೂತು ನೋಡಿದೆವು. ಬಹಳಷ್ಟು ಸಾಲುಗಳಲ್ಲಿ ಇದ್ದದ್ದು ಯಾರದೋ ಹೆಸರು. ಅಕ್ಕ ಹೇಳಿದಳು, ಆಫೀಸಿನವರು ಹೇಳಿದರು, ಪಕ್ಕದ ಮನೆಯವರ ಮೇಜು ನೋಡಿದೆ. ಫೇಸ್‌ಬುಕ್ಕಿನಲ್ಲೇ ಮೊದಲು ನೋಡಿ ಬಂದವರು ಬೆರಳೆಣಿಕೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಪೇಜನ್ನು ಅವತ್ತೇ ಮುಚ್ಚಬಹುದಿತ್ತು. ಆದರೆ ಅವರು ಮಾತಿನ ಮನುಷ್ಯ, ಅಷ್ಟಕ್ಕೆ ಬಿಡುವುದಿಲ್ಲ. "ಫೋನ್ ಮಾಡೋ ಮುಂಚೆ ಪೇಜ್ ನೋಡಿದ್ರಾ?" ಅಂತಲೂ ಕೇಳಿದ್ದರು. ಹೆಚ್ಚಿನವರು ಹೂಂ ಅಂದಿದ್ದರು.

ಪೇಜಿನ ಕೆಲಸ ಅದು. ಕರೆದುಕೊಂಡು ಬರುವುದು ಬಾಯಿಮಾತು. ಬಾಗಿಲ ತನಕ ಬಂದವರು ಒಳಗೆ ಕಾಲಿಡುವ ಮುಂಚೆ ಒಮ್ಮೆ ಇಣುಕುವುದು ಪೇಜಿಗೆ. ಯಾರೋ ನಿಮ್ಮ ಹೆಸರು ಹೇಳಿದ್ದಾರೆ. ಅರ್ಧ ನಂಬಿಕೆ ಬಂದಿದೆ, ಇನ್ನರ್ಧ ಬರಬೇಕು. ಆಗ ಅವರು ಏನು ನೋಡುತ್ತಾರೆ ಗೊತ್ತಾ? ಎಷ್ಟು ಜನ ಫಾಲೋ ಮಾಡುತ್ತಿದ್ದಾರೆ ಅಂತ ಒಂದು ಸಲ ಕಣ್ಣು ಹಾಯಿಸುತ್ತಾರೆ, ಅಷ್ಟೇ. ಆಮೇಲೆ ಕೊನೇ ಪೋಸ್ಟ್ ಯಾವಾಗಿನದು ಅಂತ ನೋಡುತ್ತಾರೆ. ಎರಡು ವರ್ಷದ ಹಿಂದಿನದಾದರೆ, ಇವರು ಇನ್ನೂ ಇದ್ದಾರೋ ಇಲ್ಲವೋ ಅನ್ನುವ ಅನುಮಾನ. ಫೋನ್ ನಂಬರ್ ಹುಡುಕುತ್ತಾರೆ. ಯಾವ ಹೊತ್ತಿಗೆ ತೆರೆದಿರುತ್ತದೆ ಅಂತ ಹುಡುಕುತ್ತಾರೆ. ತಮ್ಮ ಹತ್ತಿರ ಇರುವಂಥದ್ದೇ ಕುರ್ಚಿ ಫೋಟೋಗಳಲ್ಲಿ ಎಲ್ಲಾದರೂ ಇದೆಯಾ ಅಂತ ಕೆಳಗೆ ಕೆಳಗೆ ಹೋಗುತ್ತಾರೆ. ಕಾಮೆಂಟಿನಲ್ಲಿ ಯಾರೋ ಕೇಳಿದ ಪ್ರಶ್ನೆಗೆ ನೀವು ಹೇಗೆ ಉತ್ತರ ಕೊಟ್ಟಿದ್ದೀರಿ ಅಂತ ಓದುತ್ತಾರೆ.

ಇದು ಗೊತ್ತಾದ ಮೇಲೆ ಪೇಜಿನಲ್ಲಿ ಏನಿರಬೇಕು ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಗಿರಾಕಿ ಫೋನಿನಲ್ಲಿ ಕೇಳುವ ಪ್ರಶ್ನೆಗಳೇ ಪೋಸ್ಟುಗಳು. ಎಷ್ಟು ದಿನ ಬೇಕು? ಮನೆಗೆ ಬಂದು ತೆಗೆದುಕೊಂಡು ಹೋಗುತ್ತೀರಾ? ಜಿಪ್ ಹಾಳಾದರೆ ಹಾಕಿಕೊಡುತ್ತೀರಾ? ಗೆಳತಿ ಇಂಥ ಆರೇಳು ಪ್ರಶ್ನೆಗಳಿಗೆ ಉತ್ತರ ಬರೆದು ಪೇಜಿನ ಮೇಲ್ತುದಿಗೆ ಪಿನ್ ಮಾಡಿ ಇಟ್ಟಳು. ಮೆಸೇಜುಗಳು ಕಡಿಮೆಯಾದವು. ಬಂದ ಮೆಸೇಜುಗಳಲ್ಲಿ ಕೆಲಸ ಕೊಡುವವರ ಮೆಸೇಜುಗಳು ಜಾಸ್ತಿಯಾದವು. ರೀಚ್ ಎಣಿಸುವವರಿಗೆ ಇದು ನಷ್ಟದ ಹಾಗೆ ಕಾಣುತ್ತದೆ, ಯಾಕೆಂದರೆ ಅವರ ಲೆಕ್ಕದಲ್ಲಿ ಮೆಸೇಜೂ ಒಂದು ಅಂಕಿ.

ಬೆಲೆಯ ವಿಷಯ ಬೇರೆಯಾಗಿಯೇ ಹೇಳಬೇಕು. "ಬೆಲೆಗೆ ಡಿಎಂ ಮಾಡಿ", ಅಂದರೆ ಖಾಸಗಿಯಾಗಿ ಮೆಸೇಜ್ ಕಳಿಸಿ ಕೇಳಿ, ಅಂತ ಬರೆಯುವ ಚಾಳಿ ಎಲ್ಲಿಂದ ಬಂತೋ ಗೊತ್ತಿಲ್ಲ, ನನಗೆ ಒಂಚೂರೂ ಸರಿಬರುವುದಿಲ್ಲ. ಸಮರ್ಥನೆ ಏನು ಅಂದರೆ, ಜನ ಮೆಸೇಜ್ ಮಾಡಿದರೆ, ಯಾರಿಗೆ ಏನು ತೋರಿಸಬೇಕು ಅಂತ ತೀರ್ಮಾನಿಸುವ ಆಲ್ಗಾರಿದಮ್ಮಿಗೆ ಖುಷಿಯಾಗುತ್ತದಂತೆ, ಪೋಸ್ಟ್ ಮುಂದೆ ಹೋಗುತ್ತದಂತೆ. ಗಿರಾಕಿಯ ಕಡೆ ನಿಂತು ನೋಡಿ. ಒಂದು ಬ್ಯಾಗ್ ಇಷ್ಟವಾಗಿದೆ. ತನ್ನ ಕೈಗೆಟುಕುತ್ತದೋ ಇಲ್ಲವೋ ತಿಳಿಯಬೇಕು. ಅದಕ್ಕೆ ಗೊತ್ತಿಲ್ಲದವರಿಗೆ ಮೆಸೇಜ್ ಮಾಡಬೇಕು. ಅವರು ಯಾವಾಗಲೋ ಉತ್ತರ ಕೊಡುತ್ತಾರೆ. ಬೆಲೆ ಜಾಸ್ತಿ ಅನ್ನಿಸಿದರೆ ಬೇಡ ಅನ್ನಲು ಸಂಕೋಚ. ಸುಮ್ನೆ ಯಾಕೆ ಆ ಉಸಾಬರಿ ಅಂತ ಬೆರಳು ಮುಂದಕ್ಕೆ ಸರಿಯುತ್ತದೆ. ಒಂದೊಂದಕ್ಕೆ ಒಂದೊಂದು ಬೆಲೆ ಇದ್ದರೆ ಇಷ್ಟರಿಂದ ಇಷ್ಟರವರೆಗೆ ಅಂತಾದರೂ ಬರೆಯಬಹುದು. ಮುಚ್ಚಿಟ್ಟ ಬೆಲೆ ನೋಡಿದವರಿಗೆಲ್ಲ ಮೊದಲು ಬರುವ ಅನುಮಾನ, ಮುಖ ನೋಡಿ ಮಣೆ ಹಾಕುತ್ತಾರೆ ಅಂತ.

ಇನ್ನು ಏನು ತೋರಿಸಬೇಕು ಅನ್ನುವುದು. ಇದರಲ್ಲಿ ನನಗೆ ಇಷ್ಟವಾದ ಒಂದು ಹಳೇ ಕತೆ ಇದೆ. ಅಮೆರಿಕದ ಯೂಟಾ ರಾಜ್ಯದ ಬ್ಲೆಂಡ್‌ಟೆಕ್ ಅನ್ನುವ ಕಂಪನಿ ಮಿಕ್ಸರ್ ತರಹದ ಬ್ಲೆಂಡರ್‌ಗಳನ್ನು ಮಾಡುತ್ತಿತ್ತು. ಸರಕು ಗಟ್ಟಿ, ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ. 2006ರಲ್ಲಿ ಮಾರ್ಕೆಟಿಂಗ್ ಕೆಲಸಕ್ಕೆ ಸೇರಿದ ಜಾರ್ಜ್ ರೈಟ್ ಅನ್ನುವವರಿಗೆ ಒಂದು ದಿನ ನೆಲದ ಮೇಲೆ ಮರದ ಪುಡಿ ಬಿದ್ದಿರುವುದು ಕಾಣಿಸಿತು. ವಿಚಾರಿಸಿದರೆ, ಕಂಪನಿ ಕಟ್ಟಿದ ಟಾಮ್ ಡಿಕ್ಸನ್ ತಮ್ಮ ಯಂತ್ರ ಎಷ್ಟು ತಡೆಯುತ್ತದೆ ಅಂತ ನೋಡಲು ಅದರೊಳಗೆ ಮರದ ತುಂಡು ಹಾಕಿ ತಿರುಗಿಸುತ್ತಿದ್ದರು. ಒಳಗಿನವರಿಗೆ ಅದು ದಿನದ ಕೆಲಸ. ರೈಟ್ ಅದನ್ನೇ ಕ್ಯಾಮೆರಾ ಮುಂದೆ ಮಾಡಿಸಿದರು. ಬಿಳಿ ಕೋಟು ಹಾಕಿಕೊಂಡ ಡಿಕ್ಸನ್ ಗೋಲಿ ಹಾಕಿದರು, ಆಮೇಲೆ ಏನೇನೋ ಹಾಕಿದರು, 2007ರಲ್ಲಿ ಹೊಚ್ಚಹೊಸ ಐಫೋನನ್ನೇ ಹಾಕಿ ಪುಡಿ ಮಾಡಿದರು. ಯೂಟ್ಯೂಬಿಗೆ ಆಗಿನ್ನೂ ಹಾಲುಹಲ್ಲು. ವಿಡಿಯೋಗಳು ಲೋಕವೆಲ್ಲ ಸುತ್ತಿದವು.

ಈ ಕತೆ ಹೇಳಿದರೆ ಎಲ್ಲರೂ ಐಫೋನ್ ಪುಡಿಯಾದದ್ದನ್ನು ಹಿಡಿದುಕೊಳ್ಳುತ್ತಾರೆ. ನನಗೆ ಕಾಣುವುದು ನೆಲದ ಮೇಲಿನ ಮರದ ಪುಡಿ. ನಿಮ್ಮ ಕೆಲಸದ ಜಾಗದಲ್ಲೂ ಅಂಥದ್ದೊಂದು ಇದ್ದೇ ಇರುತ್ತದೆ. ದಿನಾ ನೋಡಿ ನೋಡಿ ನಿಮಗೆ ಅದು ಸಪ್ಪೆ. ಹೊರಗಿನವರಿಗೆ ಅದೇ ನಂಬಿಕೆ ಹುಟ್ಟಿಸುವ ಸಂಗತಿ.

ಕುರ್ಚಿಯವರಲ್ಲಿ ಅದು ಹಳೇ ಅಂಟು. ಕಾಲು ಅಲ್ಲಾಡುವ ಕುರ್ಚಿಗೆ ಜನ ಮನೆಯಲ್ಲೇ ಒಂದು ಮೊಳೆ ಹೊಡೆದು, ಅದೂ ಸಡಿಲವಾದ ಮೇಲೆ ಇವರ ಹತ್ತಿರ ತರುತ್ತಾರೆ. ಇವರು ಮೊದಲು ಮೊಳೆ ಕೀಳುತ್ತಾರೆ. ಕಾಲನ್ನು ಮೆಲ್ಲಗೆ ಬಿಡಿಸುತ್ತಾರೆ. ತೂತಿನೊಳಗೆ ಹಳೇ ಅಂಟು ಕಲ್ಲಿನ ಹಾಗೆ ಕೂತಿರುತ್ತದೆ. ಅದನ್ನು ಸಣ್ಣ ಉಳಿಯಿಂದ ಕೆರೆಯುತ್ತಾ ಕೂರುತ್ತಾರೆ. ಮರ ಕಾಣಿಸಿದ ಮೇಲೆ ಉಪ್ಪುಕಾಗದ ಸುರುಳಿ ಮಾಡಿ ಒಳಗೆ ತಿರುಗಿಸುತ್ತಾರೆ. "ಹಳೇ ಅಂಟಿನ ಮೇಲೆ ಹೊಸ ಅಂಟು ಕೂರಲ್ಲ, ಮರಕ್ಕೇ ಹಿಡೀಬೇಕು" ಅನ್ನುತ್ತಾರೆ. ಆಮೇಲೆ ಅಂಟು ಸವರಿ, ಕಾಲು ಕೂರಿಸಿ, ಕ್ಲ್ಯಾಂಪ್ ಬಿಗಿದು ರಾತ್ರಿಯೆಲ್ಲ ಬಿಡುತ್ತಾರೆ. ಇದನ್ನು ಇದ್ದ ಹಾಗೆ ಒಂದೇ ಉಸಿರಿನಲ್ಲಿ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಿದೆವು. ಸಂಗೀತ ಇಲ್ಲ, ಕೆರೆಯುವ ಸದ್ದು ಮಾತ್ರ. (ಬಿಸಿನೆಸ್ ಅಕೌಂಟಿನಲ್ಲಿ ಓಡುತ್ತಿರುವ ಹಾಡುಗಳನ್ನೆಲ್ಲ ಬಳಸಲು ಇನ್‌ಸ್ಟಾಗ್ರಾಮ್ ಬಿಡುವುದೂ ಇಲ್ಲ, ಹಕ್ಕಿನ ತಕರಾರು. ಅದೂ ಒಂದು ಲೆಕ್ಕಕ್ಕೆ ಒಳ್ಳೇದೇ ಆಯಿತು.) ಆ ವಿಡಿಯೋ ಯಾವತ್ತೂ ಓಡಲಿಲ್ಲ. ಆದರೆ ಕುರ್ಚಿ ಕಾಲಿನ ಬಗ್ಗೆ ಹುಡುಕುವವರಿಗೆ ಅದು ಇವತ್ತಿಗೂ ಸಿಗುತ್ತದೆ. "ಮೊಳೆ ಹೊಡೆದ ಕುರ್ಚಿ ತೋರಿಸಿದ್ರಲ್ಲ, ನಮ್ದೂ ಹಾಗೇ ಆಗಿದೆ" ಅಂತ ಫೋನ್ ಮಾಡುತ್ತಾರೆ. ರೀಲ್ ಎರಡು ದಿನಕ್ಕೆ ಹಳತಾಗುತ್ತದೆ. ಹುಡುಕಿದಾಗ ಸಿಗುವ ವಿಡಿಯೋಗೆ ಹಳತಾಗುವ ಭಯ ಇಲ್ಲ.

ಓಡಿದ ರೀಲಿನ ಕತೆಯನ್ನೂ ಹೇಳಿಬಿಡುತ್ತೇನೆ. ಗೆಳತಿ ಒಂದು ಹಳೇ ಜೀನ್ಸ್ ಪ್ಯಾಂಟನ್ನು ಕತ್ತರಿಸಿ ಬ್ಯಾಗ್ ಮಾಡುವುದನ್ನು ಹಾಕಿದಳು. ಪ್ಯಾಂಟಿನ ಹಿಂದಿನ ಜೇಬನ್ನು ಹಾಗೇ ಉಳಿಸಿಕೊಂಡು ಬ್ಯಾಗಿನ ಹೊರಜೇಬು ಮಾಡಿದ್ದಳು. ಅದು ಹೇಗೋ ಹತ್ತಿಕೊಂಡಿತು. ಬೆಳಗ್ಗೆ ಎದ್ದರೆ ಫೋನ್ ತುಂಬ ಮೆಸೇಜು. "ಎಷ್ಟು?" "ಇಲ್ಲಿಗೆ ಕಳಿಸ್ತೀರಾ?" "ನನ್ನ ಪ್ಯಾಂಟ್ ಕೊಟ್ರೆ ಮಾಡಿಕೊಡ್ತೀರಾ?" ಎಲ್ಲರಿಗೂ ಉತ್ತರ ಕೊಡಬೇಕು ಅಂತ ಅವಳು ಮೆಷಿನ್ ಬಿಟ್ಟು ಫೋನ್ ಹಿಡಿದು ಕೂತಳು. ಕೇಳಿದವರಲ್ಲಿ ಮುಕ್ಕಾಲು ಪಾಲು ಜನ ಬೆಲೆ ಕೇಳಿ ಸುಮ್ಮನಾದರು. ಇನ್ನು ಕೆಲವರು ಅವಳು ಕಳಿಸಲಾಗದಷ್ಟು ದೂರದವರು. ಈ ಗಲಾಟೆಯಲ್ಲಿ ಹಳೇ ಗಿರಾಕಿಗಳ ಕೆಲಸ ತಡವಾಯಿತು. ವರ್ಷವರ್ಷ ತಪ್ಪದೆ ಬರುವ ಒಬ್ಬರು ಕಾದು ಕಾದು ಬೇರೆ ಕಡೆ ಮಾಡಿಸಿಕೊಂಡರು. ವಾರ ಕಳೆಯುವಷ್ಟರಲ್ಲಿ ಎಲ್ಲ ತಣ್ಣಗಾಯಿತು. ಫಾಲೋಯರ್‌ಗಳು ಸಾವಿರಗಟ್ಟಲೆ ಏರಿದ್ದರು. ಮುಂದಿನ ತಿಂಗಳ ಆರ್ಡರ್ ಮೊದಲಿನಷ್ಟೇ ಇತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಗಾದೆ ಅವಳ ಬಾಯಲ್ಲೇ ಬಂತು.

ದುಡ್ಡು ಕೊಟ್ಟು ಜಾಹೀರಾತು ಹಾಕುವವರಿಗೂ ಇದೇ ಲೆಕ್ಕ ಅಡ್ಡ ಬರುತ್ತದೆ. ಪೋಸ್ಟಿನ ಕೆಳಗೆ 'ಬೂಸ್ಟ್' ಅನ್ನುವ ಬಟನ್ ಕಣ್ಣು ಮಿಟುಕಿಸುತ್ತಿರುತ್ತದೆ. ಒತ್ತಿದರೆ ಏನಾಗುತ್ತದೆ? ಯಾರೋ ಒಬ್ಬರು ಫೋನಿನ ಮೇಲೆ ಬೆರಳಾಡಿಸುವ ಆ ಗಳಿಗೆಯಲ್ಲೇ, ಅವರ ಕಣ್ಣಿಗೆ ಯಾವ ಜಾಹೀರಾತು ಬೀಳಬೇಕು ಅಂತ ಒಂದು ಹರಾಜು ನಡೆದುಹೋಗುತ್ತದೆ. ಜಾಸ್ತಿ ಕೂಗಿದವರಿಗೇ ಜಾಗ ಅಂತಿಲ್ಲ. ಎಷ್ಟು ಕೂಗಿದ್ದೀರಿ ಅನ್ನುವುದರ ಜೊತೆಗೆ, ನೋಡಿದ ಆ ವ್ಯಕ್ತಿ ನೀವು ಬಯಸಿದ್ದನ್ನು ಮಾಡುವ ಸಾಧ್ಯತೆ ಎಷ್ಟು, ಜಾಹೀರಾತು ಎಷ್ಟು ಚೆನ್ನಾಗಿದೆ, ಇವನ್ನೂ ಸೇರಿಸಿ ಅಳೆಯುತ್ತಾರೆ. ಇಲ್ಲಿ 'ನೀವು ಬಯಸಿದ್ದು' ಅನ್ನುವುದೇ ಮುಖ್ಯ. ಲೈಕ್ ಬೇಕು ಅಂತ ಆರಿಸಿದರೆ, ಕಂಡದ್ದಕ್ಕೆಲ್ಲ ಲೈಕ್ ಒತ್ತುವ ಅಭ್ಯಾಸದವರನ್ನು ಹುಡುಕಿ ಅವರಿಗೆ ತೋರಿಸುತ್ತದೆ. ಮೆಸೇಜ್ ಬೇಕು ಅಂದರೆ ಮೆಸೇಜ್ ಮಾಡುವ ಸ್ವಭಾವದವರಿಗೆ. ಕೇಳಿದ್ದನ್ನು ಅದು ನಿಯತ್ತಿನಿಂದ ಕೊಡುತ್ತದೆ. ಲೈಕ್ ಕೇಳಿ, ಆರ್ಡರ್ ಬರಲಿಲ್ಲ ಅಂತ ಬೈಯುವುದು ನ್ಯಾಯವಲ್ಲ.

ಇನ್ನೊಂದು ಸಂಗತಿಯನ್ನು ಜಾಹೀರಾತು ಮಾಡಿಸಿಕೊಡುವವರು ಸಣ್ಣವರಿಗೆ ಹೇಳುವುದು ಅಪರೂಪ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್ಯಾಪ್ ಮೂರರ ಒಡೆಯ ಕಂಪನಿಯಾದ ಮೆಟಾದ ವ್ಯವಸ್ಥೆಗೆ ಯಾರಿಗೆ ತೋರಿಸಬೇಕು ಅಂತ ಕಲಿತುಕೊಳ್ಳಲು ಸಮಯ ಬೇಕು. ಒಂದು ವಾರದಲ್ಲಿ ಸುಮಾರು 50 ಫಲಿತಾಂಶ, ಅಂದರೆ ಆರ್ಡರೋ ಮೆಸೇಜೋ ನೀವು ಕೇಳಿದ್ದು, ಸಿಕ್ಕಿದರೆ ಕಲಿಕೆಯ ಹಂತ ದಾಟಿತು ಅಂತ ಅವರದೇ ಲೆಕ್ಕ. ತಿಂಗಳಿಗೆ 25 ಆರ್ಡರ್ ಸಾಕು ಅನ್ನುವ ಗೆಳತಿ ಆರ್ಡರನ್ನೇ ಗುರಿ ಇಟ್ಟು ಜಾಹೀರಾತು ಹಾಕಿದರೆ, ಆ ಯಂತ್ರ ಜೀವಮಾನವಿಡೀ ಕಲಿಯುತ್ತಲೇ ಇರುತ್ತದೆ. ಕಲಿಕೆಯ ಖರ್ಚು ಇವಳದು. ಹಾಗಂತ ಜಾಹೀರಾತೇ ಬೇಡ ಅನ್ನುತ್ತಿಲ್ಲ. ಸುತ್ತಮುತ್ತ ಇಷ್ಟು ದೂರದವರಿಗೆ ಮಾತ್ರ, ಮೆಸೇಜ್ ಬರಲಿ ಅಂತ, ಕೆಲಸ ಕಡಿಮೆ ಇರುವ ತಿಂಗಳಲ್ಲಿ ಸ್ವಲ್ಪ ಹಾಕಿದರೆ ಉಪಯೋಗ ಆಗುವುದನ್ನು ನೋಡಿದ್ದೇನೆ. ದುಡ್ಡು ಕೊಟ್ಟು ಫಾಲೋಯರ್‌ಗಳನ್ನು ಕೊಳ್ಳುವ ವಿಷಯ ಮಾತಾಡುವುದೇ ಬೇಡ.

ಇಲ್ಲೊಂದು ತಮಾಷೆ ನೆನಪಾಗುತ್ತದೆ. 2020ರ ಡಿಸೆಂಬರಿನಲ್ಲಿ ಫೇಸ್‌ಬುಕ್ ಅಮೆರಿಕದ ದೊಡ್ಡ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟಿತ್ತು. ಸಣ್ಣ ವ್ಯಾಪಾರಗಳ ಪರವಾಗಿ ತಾನು ಆ್ಯಪಲ್ ಎದುರು ನಿಂತಿದ್ದೇನೆ ಅಂತ. ಜನ ಬೇರೆ ಆ್ಯಪು, ವೆಬ್‌ಸೈಟುಗಳಲ್ಲಿ ಏನು ಮಾಡುತ್ತಾರೆ ಅಂತ ಯಾವುದೇ ಆ್ಯಪ್ ಬೆನ್ನು ಹತ್ತಿ ನೋಡಬೇಕಾದರೆ ಐಫೋನ್ ಇಟ್ಟುಕೊಂಡವರನ್ನು ಮೊದಲು ಕೇಳಬೇಕು ಅನ್ನುವ ನಿಯಮವನ್ನು ಆ್ಯಪಲ್ ತರುವುದರಲ್ಲಿತ್ತು. 2021ರ ಏಪ್ರಿಲ್‌ನಲ್ಲಿ ತಂದೇ ತಂದಿತು. ಬಹಳ ಜನ ಬೇಡ ಅಂದರು. 2022ರಲ್ಲಿ ಇದರಿಂದ ಸುಮಾರು 1,000 ಕೋಟಿ ಡಾಲರ್ ಆದಾಯ ಖೋತಾ ಆಗಬಹುದು ಅಂತ ಮೆಟಾವೇ ಹೇಳಿಕೊಂಡಿತು. ಸಣ್ಣವರಿಗೂ ಪೆಟ್ಟು ಬಿದ್ದದ್ದು ನಿಜ, ಗಿರಾಕಿಯನ್ನು ಹುಡುಕಿಕೊಡುವ ಯಂತ್ರದ ಕಣ್ಣು ಮಂಜಾಯಿತು. ಆದರೂ ದೊಡ್ಡವರು ಜಗಳಕ್ಕೆ ನಿಂತಾಗ ಮುಂದೆ ಹಿಡಿಯುವ ಬೋರ್ಡಿನ ಮೇಲೆ ನಮ್ಮ ಹೆಸರು ಬರೆದಿರುತ್ತದೆ ಅನ್ನುವುದು ಗಮನದಲ್ಲಿರಲಿ.

ನನ್ನನ್ನು ಕೇಳಿದರೆ, ಕಡಿಮೆ ಸದ್ದು ಮಾಡಿ ಜಾಸ್ತಿ ಕೆಲಸ ಮಾಡುವುದು ವಾಟ್ಸ್ಯಾಪ್. 2018ರಲ್ಲಿ ವ್ಯಾಪಾರಕ್ಕೆ ಅಂತಲೇ ಬೇರೆ ಆ್ಯಪ್ ಬಂತು. ಅದರಲ್ಲಿ ಸರಕುಗಳ ಪಟ್ಟಿ ಇಡಬಹುದು, ಪದೇ ಪದೇ ಬರೆಯುವ ಉತ್ತರಗಳನ್ನು ಉಳಿಸಿಟ್ಟುಕೊಳ್ಳಬಹುದು, ದುಡ್ಡು ಬಂದದ್ದು ಬರಬೇಕಾದದ್ದು ಅಂತ ಲೇಬಲ್ ಹಚ್ಚಬಹುದು. ಒಂದೇ ಮೆಸೇಜನ್ನು ಹಲವರಿಗೆ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟಿಗೆ 256 ಜನರ ಮಿತಿ. ಅದೂ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ರೀಚ್ ಬೇಕು ಅನ್ನುವವರಿಗೆ ಇದು ಕೊರತೆ. ಗೆಳತಿಯ ಲೆಕ್ಕಕ್ಕೆ ಇದು ಹೇಳಿ ಮಾಡಿಸಿದ್ದು. ನಂಬರ್ ಸೇವ್ ಮಾಡಿಕೊಂಡ 256 ಜನ ಅಂದರೆ ಎಷ್ಟು ದೊಡ್ಡ ಆಸ್ತಿ, ಯೋಚನೆ ಮಾಡಿ. ಅವರಿಗೆ ತಿಂಗಳಿಗೊಂದು ಮೆಸೇಜ್ ಸಾಕು. ದಿನಾ ಬೆಳಗ್ಗೆ ಶುಭೋದಯ ಕಳಿಸಿದರೆ ಮ್ಯೂಟ್ ಮಾಡುತ್ತಾರೆ, ಮಾಡಲೂ ಬೇಕು.

ದಿನಾ ಪೋಸ್ಟ್ ಹಾಕಿ ಅನ್ನುವ ಉಪದೇಶವನ್ನೂ ನಾನು ಅಷ್ಟಾಗಿ ಒಪ್ಪುವುದಿಲ್ಲ. ಹಾಗೆ ಹೇಳುವವರ ಕಸುಬೇ ಪೋಸ್ಟ್ ಹಾಕುವುದು. ಹೊಲಿಯುವವರ ಕಸುಬು ಹೊಲಿಯುವುದು. ವಾರಕ್ಕೊಂದು ಫೋಟೋ, ಅವತ್ತು ಮುಗಿಸಿದ ಕೆಲಸದ್ದು, ಜೊತೆಗೆ ಎರಡು ಸಾಲು. ಪೇಜಿನಲ್ಲಿ ಜೀವ ಇದೆ ಅಂತ ತಿಳಿಯಲು ಇಷ್ಟು ಧಾರಾಳ ಸಾಕು. ಉಳಿದ ಸಮಯವನ್ನು ಬಂದ ಮೆಸೇಜಿಗೆ ಬೇಗ ಉತ್ತರ ಕೊಡಲು ಇಟ್ಟುಕೊಳ್ಳುವುದು ಮೇಲು.

ಬೇಸರದ ರಿವ್ಯೂಗಳಿಗೂ ಉತ್ತರ ಕೊಡಬೇಕು. ಒಮ್ಮೆ ಗೆಳತಿಯ ಪೇಜಿನಲ್ಲಿ ಒಬ್ಬರು "ಎರಡೇ ತಿಂಗಳಿಗೆ ಜಿಪ್ ಹೋಯ್ತು, ದುಡ್ಡು ದಂಡ" ಅಂತ ಬರೆದರು. ಅವಳಿಗೆ ಅಳುವಷ್ಟು ಸಿಟ್ಟು. ಆ ಜಿಪ್ಪಿಗೆ ತೂಕ ಜಾಸ್ತಿ ಆದದ್ದು, ಅಷ್ಟು ತುಂಬಬೇಡಿ ಅಂತ ಹೇಳಿಯೇ ಕೊಟ್ಟದ್ದು, ಎಲ್ಲ ಬರೆಯಲು ಹೊರಟಳು. ನಾನು ತಡೆದೆ. ಬರೆದವರು ನಿನ್ನ ಉತ್ತರ ಓದುತ್ತಾರೋ ಇಲ್ಲವೋ ಗೊತ್ತಿಲ್ಲ, ಮುಂದೆ ಬರುವವರಂತೂ ಓದಿಯೇ ಓದುತ್ತಾರೆ ಅಂದೆ. ಕೊನೆಗೆ ಬರೆದದ್ದು ಇಷ್ಟು: "ಬ್ಯಾಗ್ ತಂದುಕೊಡಿ, ರನ್ನರ್ ಬದಲಾಯಿಸಿ ಕೊಡ್ತೀನಿ, ಅದಕ್ಕೆ ದುಡ್ಡಿಲ್ಲ." ಆಮೇಲೆ ಹೊಸ ಗಿರಾಕಿಗಳಲ್ಲಿ ಕೆಲವರು ಇದೇ ಉತ್ತರವನ್ನು ಎತ್ತಿ ಆಡಿದ್ದುಂಟು. ಐದು ನಕ್ಷತ್ರದ ಹೊಗಳಿಕೆಯನ್ನು ಎತ್ತಿ ಆಡಿದವರು ನನಗಂತೂ ಸಿಕ್ಕಿಲ್ಲ.

ಎಲ್ಲವನ್ನೂ ಒಂದೇ ಕಡೆ ಇಡಬೇಡಿ ಅನ್ನುವುದು ಹಳೇ ಮಾತಾದರೂ ಹೇಳಲೇಬೇಕು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್ಯಾಪ್ ಮೂರೂ ಸುಮಾರು ಆರು ಗಂಟೆ ಒಟ್ಟಿಗೇ ನಿಂತುಹೋದವು. ರಿಪೇರಿಗೆ ಅಂತ ಕೊಟ್ಟ ಒಂದು ಆಜ್ಞೆ ಅವರದೇ ಜಾಲದ ಬೆನ್ನೆಲುಬನ್ನು ಕಡಿದುಹಾಕಿತ್ತು. ಆರು ಗಂಟೆ ತಡೆದುಕೊಳ್ಳಬಹುದು. ಆದರೆ ಇಂಥವೇ ಜಾಲತಾಣಗಳು ಪೂರ್ತಿ ಮುಚ್ಚಿಹೋದದ್ದೂ ಇದೆ: ಆರ್ಕುಟ್ 2014ರಲ್ಲಿ ಹೋಯಿತು, ಪುಟ್ಟ ವಿಡಿಯೋಗಳ ವೈನ್ 2017ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ. ಅವೇನೂ ಸಣ್ಣ ಕಂಪನಿಗಳ ಆಟಿಕೆಗಳಾಗಿರಲಿಲ್ಲ. ಇದಕ್ಕಿಂತ ಹತ್ತಿರದ ಅಪಾಯ ಅಕೌಂಟ್ ಕಳವು. 'ನಿಮ್ಮ ಪೇಜ್ ನಿಯಮ ಮುರಿದಿದೆ, 24 ಗಂಟೆಯಲ್ಲಿ ಡಿಲೀಟ್ ಆಗುತ್ತದೆ, ಈ ಲಿಂಕ್ ಒತ್ತಿ' ಅಂತ ಮೆಸೇಜ್ ಬರುತ್ತದೆ. ಗಾಬರಿಯಲ್ಲಿ ಒತ್ತಿದರೆ ಕತೆ ಮುಗಿಯಿತು. ಪಾಸ್‌ವರ್ಡಿನ ಜೊತೆಗೆ ಇನ್ನೊಂದು ಕೋಡನ್ನೂ ಕೇಳುವ ಎರಡು ಹಂತದ ಪರಿಶೀಲನೆ ಹಾಕಿಟ್ಟುಕೊಳ್ಳಿ, ನಂಬಿಕೆಯ ಇನ್ನೊಬ್ಬರನ್ನು ಅಡ್ಮಿನ್ ಮಾಡಿ. ಗಿರಾಕಿಗಳ ಹೆಸರು, ನಂಬರು ಪುಸ್ತಕದಲ್ಲೂ ಇರಲಿ. ಕುರ್ಚಿಯವರ ರೂಲ್ಡ್ ಪುಸ್ತಕವನ್ನು ಯಾರೂ ಹ್ಯಾಕ್ ಮಾಡಲಾರರು.

ಈಚೆಗೆ ಬಂದಿರುವ ಹೊಸ ತಲೆನೋವು ಎಐ ಫೋಟೋಗಳು. ಕುರ್ಚಿಯವರ ಹತ್ತಿರ ಕೆಲಸಕ್ಕಿರುವ ಹುಡುಗ ಒಂದು ಆ್ಯಪ್ ತೋರಿಸಿದ. ಧೂಳಿನ ಜಾಗದಲ್ಲಿ ತೆಗೆದ ಫೋಟೋ ಕೊಟ್ಟರೆ ಹಿಂದೆ ಬಿಳಿ ಗೋಡೆ, ಕಿಟಕಿಯಿಂದ ಬಿಸಿಲು, ಪಕ್ಕದಲ್ಲಿ ಒಂದು ಗಿಡ. ನೋಡಲು ಚೆಂದವೇ ಇತ್ತು. ಹಿರಿಯರು ಕನ್ನಡಕ ಏರಿಸಿಕೊಂಡು ಫೋನನ್ನು ಹತ್ತಿರ ಹಿಡಿದು ನೋಡಿದರು. ಗೋಡೆ, ಗಿಡ ಎರಡನ್ನೂ ನೋಡಲಿಲ್ಲ. ಕುರ್ಚಿಯ ಕಾಲನ್ನು ದೊಡ್ಡದು ಮಾಡಿ ನೋಡಿದರು. ಮರದ ಗೆರೆಗಳು ಬೇರೆಯಾಗಿದ್ದವು. ಕೈಯಿಟ್ಟು ಕೂತು ಕೂತು ಹಿಡಿಯ ಮೇಲೆ ಸವೆದಿದ್ದ ಜಾಗ ಮಾಯವಾಗಿತ್ತು. "ಇದು ನಾನು ರಿಪೇರಿ ಮಾಡಿದ್ದಲ್ಲ ಕಣೋ" ಅಂದರು. ಹುಡುಗನಿಗೆ ಸ್ವಲ್ಪ ಮುಖಭಂಗ. ಆದರೆ ಗಿರಾಕಿಗೂ ಹಾಗೇ ಅಲ್ವಾ? ಆ ಫೋಟೋ ನೋಡಿ ಬಂದವರು ಆ ಕುರ್ಚಿಯನ್ನೇ ಕೇಳುತ್ತಾರೆ.

ಅದಕ್ಕೆ ನಾವು ಈಗಲೂ ಧೂಳಿನ ಫೋಟೋಗಳನ್ನೇ ಹಾಕುತ್ತಿದ್ದೇವೆ. ಮೂಲೆಯಲ್ಲಿ ಒಮ್ಮೊಮ್ಮೆ ಅವರ ಹೆಬ್ಬೆರಳೂ ಬಂದಿರುತ್ತದೆ. ಕಳೆದ ವಾರ ಒಬ್ಬರು ಪೇಜ್ ನೋಡಿ, ಇವು ನಿಜವಾದ ಫೋಟೋಗಳಾ ಅಂತ ಕೇಳಿ, ವಿಡಿಯೋ ಕಾಲ್ ಮಾಡಬಹುದಾ ಅಂದರು. ಹಿರಿಯರು ಫೋನನ್ನು ಹುಡುಗನ ಕೈಗೆ ಕೊಟ್ಟು, ಅರ್ಧ ಬಿಚ್ಚಿದ್ದ ಮೇಜನ್ನೇ ಸುತ್ತಲೂ ತೋರಿಸಿದರು. ಊಟದ ಮೇಜಿನ ಆರು ಕುರ್ಚಿಗಳ ಕೆಲಸ ಬಂತು. ಈಗ ಅವರ ಕೈಯಲ್ಲಿ ಎರಡು ತಿಂಗಳಿಗಾಗುವಷ್ಟು ಕೆಲಸ ಇದೆ. ಹೊಸ ಕೆಲಸ ಸದ್ಯಕ್ಕೆ ಹಿಡಿಯುವುದಿಲ್ಲ, ಹೆಸರು ಬರೆಸಿಟ್ಟರೆ ನಾವೇ ಫೋನ್ ಮಾಡುತ್ತೇವೆ ಅಂತ ಪೇಜಿನ ಮೇಲೆ ಪಿನ್ ಮಾಡಿದ್ದೇವೆ.